ಒಬ್ಬರ ಹೊರೆ ಒಬ್ಬರು ಹೊರುವ ಸಭೆ: ಏರ್ಪಾಡು ಮಾಡುವ ರೀತಿ

ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದವರು ‘ಸಂದೇಶ ಚಲೋ ಇತ್ತು’, ‘ಹಾಡು ಯಾಕೋ ಸರಿ ಆಗಲಿಲ್ಲ’ ಎಂದು ಮಾತಾಡುತ್ತ ಮನೆಯ ದಾರಿ ಹಿಡಿಯುತ್ತಾರೆ. ಹಿಂದಿನ ಬೆಂಚಿನ ಅಜ್ಜಿ ಮೂರು ವಾರದಿಂದ ಯಾಕೆ ಬಂದಿಲ್ಲ ಎಂದು ಯಾರೂ ಕೇಳಿರುವುದಿಲ್ಲ. ನನಗೇನು ಸಿಕ್ಕಿತು ಎಂಬ ಲೆಕ್ಕ ಪೇಟೆಯಿಂದ ದೇವಾಲಯದ ಒಳಗೂ ಬಂದಿದೆ. ಕ್ರಿಸ್ತನು ಸೇವೆ ಮಾಡಿಸಿಕೊಳ್ಳಲು ಬರಲಿಲ್ಲ, ಸೇವೆ ಮಾಡಲು ಬಂದನು (ಮಾರ್ಕ 10:45). ಅವನ ಹೆಸರಿನ ಸಭೆ ಇರುವುದೂ ಅದಕ್ಕೇ. ಆದರೆ ಇದನ್ನು ಪ್ರಸಂಗದಲ್ಲಿ ಎಷ್ಟು ಸಲ ಹೇಳಿದರೂ ವಾರದ ರೂಢಿಯಾಗದ ಹೊರತು ಯಾರೂ ಬದಲಾಗುವುದಿಲ್ಲ. ನಮ್ಮ ಬೆಳಗಾವಿ ಕಡೆಯ ಮೂವತ್ತು ಮನೆಯ ಸಭೆಯೊಂದು ಆ ರೂಢಿ ಕಟ್ಟಿಕೊಳ್ಳುವುದು ಹೇಗೆಂದು ಕೆಳಗೆ ಬರೆದಿದ್ದೇವೆ.

ಮೊದಲ ಕೆಲಸ ಒಂದು ನೋಟ್‌ಬುಕ್. ಪ್ರತಿ ಮನೆಗೆ ಒಂದು ಪುಟ. ಒಂಟಿಯಾಗಿರುವವರು ಯಾರು, ಕಾಯಿಲೆ ಇರುವವರು ಯಾರು, ಗೋವಾಕ್ಕೋ ಪುಣೆಗೋ ದುಡಿಯಲು ಹೋದವರು ಯಾರು, ಮನೆಯಲ್ಲಿ ಉಳಿದವರು ಯಾರು, ರಾತ್ರಿ ಹೊತ್ತಿನಲ್ಲಿ ಕರೆದರೆ ಬರುವ ಪಕ್ಕದ ಮನೆ ಯಾವುದು, ಇಷ್ಟು ಬರೆಯಿರಿ. ಸದಸ್ಯತ್ವದ ರಿಜಿಸ್ಟರ್ ಇದಕ್ಕೆ ಸಾಲದು. ಅದರಲ್ಲಿ ಚಂದಾ ಕೊಟ್ಟವರ ಹೆಸರು ಸಿಗುತ್ತದೆ, ಹಸಿದವರ ಹೆಸರು ಸಿಗುವುದಿಲ್ಲ. ಮನೆಮನೆಗೆ ಹೋಗಿಯೇ ಬರೆಯಬೇಕು. ಆ ಪುಸ್ತಕ ಎಲ್ಲರ ಕೈಗೆ ಹೋಗಬಾರದು.

ಹೊಣೆ ಯಾರಿಗೆ?

ಹೆಚ್ಚಿನ ಸಭೆಗಳು ಎಡವುವುದು ಇಲ್ಲಿಯೇ, ಆದ್ದರಿಂದ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಅಪೊಸ್ತಲರು ‘ಹೊಂದಿಕೊಂಡು ಹೋಗಿ’ ಎಂದು ಬುದ್ಧಿ ಹೇಳಿ ಕಳಿಸಲಿಲ್ಲ, ಏಳು ಜನರನ್ನು ಆರಿಸಿಕೊಳ್ಳಲು ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ... ಆ ಏಳೂ ಗ್ರೀಕ್ ಹೆಸರುಗಳು. ದೂರು ತಂದ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತೆಂದು ಅದರಿಂದ ಕಾಣುತ್ತದೆ.

ಬೆಳಗಾವಿಯಲ್ಲಿ ಇದರ ಅರ್ಥ ನೇರವಾಗಿದೆ. ಒಂದೇ ಸಭೆಯಲ್ಲಿ ಕನ್ನಡದ ಮನೆ, ಮರಾಠಿಯ ಮನೆ ಎರಡೂ ಇದ್ದರೆ, ಕಡಿಮೆ ಇರುವವರ ಕಡೆಯಿಂದ ಮೊದಲ ಹೆಸರು ಬರಲಿ. ಬಾಡಿಗೆ ಮನೆಯಲ್ಲಿರುವ ಹೊಸಬರಿಂದ ಒಬ್ಬರು, ವಿಧವೆಯರಿಂದ ಒಬ್ಬರು ಇರಲೇಬೇಕು. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಬೆಳಗಾವಿಗೆ ಬಂದದ್ದು 1820ರಲ್ಲಿ. ಅಷ್ಟು ಹಳೆಯ ಬೇರಿರುವ ಕಡೆ ಎಲ್ಲ ಜವಾಬ್ದಾರಿಯೂ ನಾಲ್ಕೈದು ಮನೆತನಗಳಲ್ಲೇ ಸುತ್ತುವುದು ಸುಲಭ. ಬೆಂಚು ಕೂಡ ‘ನಮ್ಮ ಬೆಂಚು’ ಆಗಿಬಿಡುತ್ತದೆ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಶುರುವಾಗುವುದು ಇಂಥ ಕೂರುವ ಜಾಗದ ವಿಚಾರದಿಂದಲೇ.

ಎಂಟು ಹತ್ತು ಮನೆಗೆ ಒಬ್ಬ ಹೊಣೆಗಾರ ಸಾಕು. ಅವರ ಕೆಲಸ ತಿಂಗಳಿಗೊಮ್ಮೆ ಪ್ರತಿ ಮನೆ ನೋಡಿ ಬರುವುದು, ಎರಡು ಭಾನುವಾರ ಕಾಣದವರ ಮನೆಗೆ ಅದೇ ವಾರ ಹೋಗುವುದು. ‘ಯಾಕೆ ಬರಲಿಲ್ಲ’ ಎಂದು ಶುರು ಮಾಡಬೇಡಿ, ‘ಆರಾಮ ಇದ್ದೀರಾ’ ಎಂದು ಕೇಳಿ. ಅವಧಿ ಎರಡು ವರ್ಷ, ಆಮೇಲೆ ಬೇರೆಯವರು. ಸಭಾಪಾಲಕರೇ ಎಲ್ಲವನ್ನೂ ಹೊತ್ತರೆ ಅವರ ವರ್ಗವಾದ ದಿನ ಏರ್ಪಾಡೂ ನಿಂತುಹೋಗುತ್ತದೆ.

ಹಣ ಮತ್ತು ಹಿಡಿ ಜೋಳ

ಸಹಾಯದ ಹಣ ಸಭೆಯ ಕಾಣಿಕೆಯೊಳಗೆ ಬೆರೆಯಬಾರದು. ಬೆರೆತರೆ ಮೊದಲು ಸುಣ್ಣಬಣ್ಣ, ಆಮೇಲೆ ಮೈಕ್‌ಸೆಟ್, ಉಳಿದರೆ ಬಡವರು ಎಂದಾಗುತ್ತದೆ. ಬೇರೆ ಪೆಟ್ಟಿಗೆ ಇಡಿ. ವಾರದ ಮೊದಲ ದಿನ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕೆಂಬುದು ಪೌಲನ ಮಾತು (1 ಕೊರಿಂಥ 16:2). ಮನೆಗೆ ವಾರಕ್ಕೆ ಸರಾಸರಿ 50 ರೂಪಾಯಿ ಬಿದ್ದರೆ ಮೂವತ್ತು ಮನೆಯಿಂದ ನಾಲ್ಕು ವಾರಕ್ಕೆ 6,000 ರೂಪಾಯಿ. ಕವರಿನ ಮೇಲೆ ಹೆಸರು ಬೇಡ.

ಕೂಲಿ ಮಾಡುವ ಮನೆಗಳಿಗೆ ಹಣಕ್ಕಿಂತ ಹಿಡಿ ಕಾಳು ಹಗುರ. ಒಲೆ ಹಚ್ಚುವ ಮುಂಚೆ ದಿನಾ ಒಂದು ಹಿಡಿ ಜೋಳ ಅಥವಾ ಅಕ್ಕಿ ಡಬ್ಬಿಗೆ ಹಾಕುವುದು. ಹಿಡಿಗೆ 50 ಗ್ರಾಂ ಎಂದರೂ ತಿಂಗಳಿಗೆ ಒಂದೂವರೆ ಕಿಲೋ. ಇಪ್ಪತ್ತು ಮನೆಯಿಂದ 30 ಕಿಲೋ. ಜೋಳ, ಅಕ್ಕಿ ಬೇರೆ ಬೇರೆ ಚೀಲದಲ್ಲಿರಲಿ. ಮಳೆಗಾಲದಲ್ಲಿ ಹುಳ ಬೀಳುವುದರಿಂದ ಎರಡು ತಿಂಗಳಿಗಿಂತ ಹೆಚ್ಚು ಕೂಡಿಡಬೇಡಿ, ಬಂದದ್ದು ಬಂದಂತೆ ಹಂಚಿ. ಈ ಕಾಳಿನ ದೊಡ್ಡ ಗುಣವೆಂದರೆ, ಇವತ್ತು ಪಡೆಯುವ ಮನೆಯೂ ನಾಳೆ ಒಂದು ಹಿಡಿ ಕೊಡಬಲ್ಲದು. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಅಂತರ ಉಳಿಯುವುದಿಲ್ಲ.

ಎಣಿಸುವಾಗ ಯಾವಾಗಲೂ ಇಬ್ಬರು, ಅದೂ ಒಂದೇ ಮನೆಯವರಲ್ಲ. ಪೌಲನೂ ಕಾಣಿಕೆ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಜೊತೆಗಾರರನ್ನು ಇಟ್ಟುಕೊಂಡಿದ್ದ (2 ಕೊರಿಂಥ 8:20). ಬ್ಯಾಂಕ್ ಖಾತೆಗೆ ಎರಡು ಸಹಿ. 2,000 ರೂಪಾಯಿವರೆಗೆ ಇಬ್ಬರು ಹೊಣೆಗಾರರು ಅದೇ ದಿನ ಕೊಡುವ ಅಧಿಕಾರ ಇರಲಿ. ಮಗುವಿಗೆ ಜ್ವರ ಬಂದಾಗ ಸಭೆ ಕೂಡುವತನಕ ಕಾಯಿಸಬಾರದು. ಅದಕ್ಕೂ ಹೆಚ್ಚಾದರೆ ಎಲ್ಲರೂ ಕೂತು ತೀರ್ಮಾನಿಸಲಿ. ತಿಂಗಳ ಕೊನೆಗೆ ಬಂದದ್ದೆಷ್ಟು, ಹೋದದ್ದೆಷ್ಟು, ಎಷ್ಟು ಮನೆಗೆ ಎಂದಷ್ಟೇ ಓದಿ. ಪಡೆದವರ ಹೆಸರು ಓದಬೇಡಿ, ವಾಟ್ಸಾಪ್‌ನಲ್ಲಿ ಚೀಲದ ಜೊತೆ ಫೋಟೋ ಅಂತೂ ಬೇಡವೇ ಬೇಡ. ಫೋಟೋ ತೆಗೆಸಿಕೊಂಡ ತಾಯಿ ಮುಂದಿನ ಸಲ ಹಸಿದರೂ ಬಾಯಿ ಬಿಡುವುದಿಲ್ಲ.

ಸಾಲ ಕೊಡಬೇಡಿ. ತೀರಿಸಲಾಗದವರು ನಾಚಿಕೆಯಿಂದ ಆರಾಧನೆಗೇ ಬರುವುದನ್ನು ಬಿಡುತ್ತಾರೆ. ಕೊಡುವುದಿದ್ದರೆ ಕೊಟ್ಟುಬಿಡಿ. ಕುಡಿತದ ಚಟ ಇರುವ ಮನೆಗೆ ನಗದು ಬೇಡ. ಕಿರಾಣಿ ಅಂಗಡಿಗೋ, ಔಷಧ ಅಂಗಡಿಗೋ, ಶಾಲೆಗೋ ನೀವೇ ಕಟ್ಟಿ.

ತಿಂಗಳಿಗೊಂದು ಊಟ

ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ಅದನ್ನು ಕರ್ತನ ಭೋಜನ ಎನ್ನಲಾಗದು ಎಂದ ಪೌಲ, ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂದು ಬರೆದ (1 ಕೊರಿಂಥ 11:20–33). ಆದ್ದರಿಂದ ಎಲ್ಲರಿಗೂ ಒಂದೇ ಅಡುಗೆ, ಒಂದೇ ಪಂಕ್ತಿ. ಅರವತ್ತು ಜನಕ್ಕೆ ತಲೆಗೆ ಎರಡರಂತೆ 120 ರೊಟ್ಟಿ ಬೇಕು. ಹದಿನೈದು ಮನೆಯವರು ಎಂಟೆಂಟು ತಟ್ಟಿ ತಂದರೆ ಆಯಿತು. ಐದು ಕಿಲೋ ಅಕ್ಕಿಯ ಅನ್ನ, ಬೇಳೆ ಸಾರು, ಒಂದು ಪಲ್ಯ ದೇವಾಲಯದ ಅಂಗಳದಲ್ಲೇ ಆಗಲಿ. ಬಡಿಸುವುದು, ಪಾತ್ರೆ ತೊಳೆಯುವುದು ಗಂಡಸರು ಮತ್ತು ಯುವಕರ ಪಾಲಿಗೆ. ಡ್ಯೂಟಿ ಮುಗಿಸಿ ತಡವಾಗಿ ಬರುವವರ ಪಾಲು ಮೊದಲೇ ತೆಗೆದಿಡಿ.

ಪ್ರಾರ್ಥನಾ ಕೂಟದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ: ಮೊದಲ ಹತ್ತು ನಿಮಿಷ ಯಾರೂ ತಮಗಾಗಿ ಪ್ರಾರ್ಥಿಸದೆ, ಪಕ್ಕದವರ ಬೇಡಿಕೆಯನ್ನು ಕೇಳಿಕೊಂಡು ಅದಕ್ಕಾಗಿ ಪ್ರಾರ್ಥಿಸಲಿ. ಆರಂಭದಲ್ಲಿ ಮೌನವೇ ಹೆಚ್ಚು ಇರುತ್ತದೆ, ಬಿಡಬೇಡಿ.

ಆರೇಳು ತಿಂಗಳು ಇದು ನಡೆದ ಮೇಲೆ ಹೊರಗಿನವರಿಗಾಗಿ ಒಂದೇ ಒಂದು ಕೆಲಸ ಹಿಡಿಯಿರಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ದೂರದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರ ಊಟ, ರಾತ್ರಿಯ ಚಾದರ, ಯಾವ ಕೋಣೆ ಎಲ್ಲಿ ಎಂಬ ದಾರಿ ನೋಡುವವರಿಲ್ಲ. ಆಸ್ಪತ್ರೆಯವರ ಅನುಮತಿ ಪಡೆದು ವಾರಕ್ಕೆ ಎರಡು ಸಂಜೆ ಇಬ್ಬಿಬ್ಬರು ಹೋಗಿ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೆಯ ಊರಿನ ಸಭೆಗಳು 2019ರ ಆಗಸ್ಟ್‌ನ ಪ್ರವಾಹ ನೆನಪಿಟ್ಟುಕೊಂಡು ಜೂನ್ ಒಳಗೇ ಚಾಪೆ, ದೊಡ್ಡ ಪಾತ್ರೆ, ಟಾರ್ಪಾಲಿನ್ ಸಿದ್ಧವಿಡಲಿ. ಜಾತಿ, ಧರ್ಮ ಕೇಳಬೇಡಿ. ಚೀಲದೊಳಗೆ ಕರಪತ್ರ ಇಡಬೇಡಿ, ಆರಾಧನೆಗೆ ಬನ್ನಿ ಎಂಬ ಷರತ್ತು ಬೇಡ. ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನಿಗೆ ಎಣ್ಣೆ ಹಚ್ಚಿದ್ದು ಏನನ್ನೂ ಕೇಳದೆ. ಅಕ್ಕಪಕ್ಕದವರು ನಿಮ್ಮ ಜೊತೆ ಕೈ ಜೋಡಿಸುತ್ತೇವೆಂದರೆ ಸಂತೋಷದಿಂದ ಕರೆದುಕೊಳ್ಳಿ, ಬಡಿಸುವ ಸೌಟು ಅವರ ಕೈಗೇ ಕೊಡಿ.