ಇಟಲಿಯ ಸಣ್ಣ ಹೋಟೆಲಲ್ಲಿ ಊಟಕ್ಕೆ ಕೂರುವ ಮುಂಚೆ

ಮಲ್ಲೇಶ್ವರದ ನಮ್ಮ ಪಕ್ಕದ ಮನೆ ಹುಡುಗಿ ಓದಲು ತೂರಿನೊ ಊರಿಗೆ ಹೊರಟಿದ್ದಾಳೆ. 'ಪಾಸ್ತಾ, ಪಿಜ್ಜಾ ಸಿಗುತ್ತಲ್ಲ, ಊಟಕ್ಕೇನು ಚಿಂತೆ?' ಅಂದಳು. ಇಂದಿರಾನಗರದಲ್ಲಿ ಇಟಾಲಿಯನ್ ಊಟ ಮಾಡಿದ ಧೈರ್ಯ. ಅದೇ ಧೈರ್ಯದಲ್ಲಿ ನಾನೂ ಹೋಗಿದ್ದೆ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಏಳೆಂಟು ಟೇಬಲ್ಲಿನ, ಮನೆಯವರೇ ನಡೆಸುವಂಥ ಹೋಟೆಲಿಗೆ ಅಲ್ಲಿ ತ್ರತ್ತೊರಿಯಾ ಅನ್ನುತ್ತಾರೆ. ಮಧ್ಯಾಹ್ನ ಹೆಚ್ಚುಕಮ್ಮಿ 12.30ರಿಂದ 2.30, ರಾತ್ರಿ 7.30ರ ಮೇಲೆ. ನಡುವೆ ಒಲೆ ಆರಿರುತ್ತದೆ. ಸಂಜೆ 5ಕ್ಕೆ ಹಸಿವಾದರೆ ಬಾರ್‌ಗೆ ಹೋಗಿ. ಗಾಬರಿ ಬೇಡ, ಅಲ್ಲಿ ಬಾರ್ ಅಂದರೆ ಕಾಫಿ, ತಿಂಡಿಯ ಜಾಗ. ನಮ್ಮ ದರ್ಶಿನಿ ಥರಾನೇ. ಎಷ್ಟೋ ಕಡೆ ಮೊದಲು ದುಡ್ಡು ಕೊಟ್ಟು, ಚೀಟಿ ತೋರಿಸಿ, ನಿಂತೇ ಕುಡಿಯಬೇಕು. ಕೂತರೆ ರೇಟು ಜಾಸ್ತಿ.

ತ್ರತ್ತೊರಿಯಾದಲ್ಲಿ ಕೂತ ತಕ್ಷಣ ಬ್ರೆಡ್ಡಿನ ಬುಟ್ಟಿ ಬರುತ್ತದೆ. ಸುಮ್ನೆ ಕೊಟ್ಟರು ಅಂದುಕೊಳ್ಳಬೇಡಿ. ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಎರಡು ಮೂರು ಯೂರೊ ಇರುತ್ತದೆ. ಬ್ರೆಡ್ ಮುಟ್ಟದಿದ್ದರೂ ಕೊಡಬೇಕು. ಮೆನುವಿನಲ್ಲೇ ಬರೆದಿರುತ್ತಾರೆ, ಜಗಳ ಮಾಡಿ ಫಲವಿಲ್ಲ. ಟಿಪ್ಸ್ ಮಾತ್ರ ಕಡ್ಡಾಯವಲ್ಲ. ನೀರೂ ಬಾಟಲಿಯದೇ, ಅದಕ್ಕೂ ದುಡ್ಡು. ಸಾದಾ ನೀರಿಗೆ 'ನಾತುರಾಲೆ' ಅನ್ನಿ, 'ಫ್ರಿಜ್ಜಾಂತೆ' ಅಂದರೆ ಸೋಡಾ ಬರುತ್ತದೆ.

ಮೆನುವಿನಲ್ಲಿ 'ಪ್ರೀಮಿ' ಅಂದರೆ ಪಾಸ್ತಾ, ಅನ್ನದ ರಿಸೊತ್ತೊ. 'ಸೆಕೊಂದಿ' ಅಂದರೆ ಮಾಂಸ, ಮೀನು. ತರಕಾರಿ ಬೇಕಿದ್ದರೆ 'ಕೊಂತೊರ್ನಿ' ಅಂತ ಬೇರೆ ಪಟ್ಟಿ. ಎಲ್ಲವನ್ನೂ ತರಿಸಬೇಕಿಲ್ಲ, ಒಂದು ಪ್ರೀಮೊ ಸಾಕು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಿ. ನಾನೊಮ್ಮೆ ಅಣಬೆ ರಿಸೊತ್ತೊ ತರಿಸಿದೆ. ಅನ್ನ, ಅಣಬೆ, ಬೆಣ್ಣೆ, ಮೇಲೆ ಚೀಸ್. ತಟ್ಟೆ ಬಳಿದು ತಿಂದೆ. ಆಮೇಲೆ ಗೊತ್ತಾಯಿತು, ಅನ್ನ ಬೆಂದಿದ್ದು ದನದ ಮಾಂಸದ ಸಾರಿನಲ್ಲಿ! ಯಾರೂ ಸುಳ್ಳು ಹೇಳಿರಲಿಲ್ಲ, ನಾನೇ ಕೇಳಿರಲಿಲ್ಲ. ಆ ಸಾರಿಗೆ 'ಬ್ರೋದೊ' ಅನ್ನುತ್ತಾರೆ. ಯಾವ ಬ್ರೋದೊ ಅಂತ ಮೊದಲೇ ಕೇಳಿ. 'ಸೆಂಜಾ ಕಾರ್ನೆ, ಸೆಂಜಾ ಪೆಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಬರೀ 'ವೆಜ್' ಅಂದರೆ ಸಾಲದು. ಇನ್ನೊಂದು, ಪಾರ್ಮೆಸನ್ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿಯ ಸ್ಪಗೆತ್ತಿ ತರಿಸಿ ಚೀಸ್ ಬೇಡ ಅನ್ನಿ. ನಮ್ಮ ಒಗ್ಗರಣೆಗೆ ಹತ್ತಿರದ ರುಚಿ. ಪಿಜ್ಜಾ ಮೇಲೆ 'ಪೆಪೆರೋನಿ' ಅಂತ ಕಂಡರೆ ಮಾಂಸ ಅಂತ ಹೆದರಬೇಡಿ, ಅದು ಬರೀ ದಪ್ಪ ಮೆಣಸಿನಕಾಯಿ. ಟೇಬಲ್ಲಿನ ಮೇಲೆ ಚಿಲ್ಲಿ ಫ್ಲೇಕ್ಸ್, ಒರಿಗ್ಯಾನೊ ಪೊಟ್ಟಣ ಹುಡುಕಬೇಡಿ. ಖಾರ ಬೇಕಿದ್ದರೆ 'ಓಲಿಯೊ ಪಿಕ್ಕಾಂತೆ' ಕೇಳಿ, ಖಾರದ ಎಣ್ಣೆ ಇದ್ದರೆ ತಂದಿಡುತ್ತಾರೆ.

ಊಟ ಮುಗಿದ ಮೇಲೆ ಬಿಲ್ಲಿಗೆ ಕಾಯುತ್ತಾ ಕೂತಿದ್ದೆ. ಅರ್ಧ ಗಂಟೆಯಾದರೂ ಬರಲಿಲ್ಲ. ಕೇಳದೆ ಬಿಲ್ ತಂದಿಟ್ಟರೆ ಎದ್ದು ಹೋಗು ಅಂದ ಹಾಗೆ, ಅದಕ್ಕೇ ತರುವುದಿಲ್ಲ. ನಮ್ಮಲ್ಲಾದರೆ ಭಾನುವಾರ ಬೆಳಿಗ್ಗೆ ದೋಸೆ ಅರ್ಧ ತಿನ್ನುವಷ್ಟರಲ್ಲಿ ಕುರ್ಚಿ ಹಿಂದೆ ಇನ್ನೊಬ್ಬರು ನಿಂತಿರುತ್ತಾರೆ, ಅಲ್ವಾ? 'ಇಲ್ ಕೋಂತೊ, ಪೆರ್ ಫಾವೋರೆ' ಅನ್ನಿ, ಬಿಲ್ ಬರುತ್ತದೆ.