ದ್ರವ್ಯರಾಶಿಯ ಜ್ಯಾಮಿತಿ ಸಿದ್ಧಾಂತಗಳನ್ನು ಒರೆಗೆ ಹಚ್ಚುವ ಬಗೆ

ಕಣಗಳ ದ್ರವ್ಯರಾಶಿ, ಗುರುತ್ವ, ವಿಶ್ವದ ವಿಸ್ತರಣೆ ಮೂರನ್ನೂ ಒಂದೇ ಜ್ಯಾಮಿತಿಯಿಂದ ಹೊರಡಿಸುವ ಬರಹ ಕೈಗೆ ಬಂದಾಗ ನಾನು ಪೀಠಿಕೆ ಬಿಟ್ಟು ನೇರವಾಗಿ ಸಂಖ್ಯೆಗಳಿರುವ ಪುಟಕ್ಕೆ ಹೋಗುತ್ತೇನೆ. ನೀವೂ ಕ್ಯಾಲ್ಕುಲೇಟರ್ ಹಿಡಿದು ಕುಳಿತುಕೊಳ್ಳಿ.

ಮೊದಲು ಕೈ ಪಳಗಲಿ. ಪೈನ ಐದನೇ ಘಾತವನ್ನು ಆರರಿಂದ ಗುಣಿಸಿ: 1836.118. ಪ್ರೋಟಾನು ಎಲೆಕ್ಟ್ರಾನಿಗಿಂತ ಎಷ್ಟು ಪಟ್ಟು ಭಾರ ಎಂಬುದಕ್ಕೆ ಇದು ಬಹಳ ಹತ್ತಿರ. 1951ರಲ್ಲಿ ಇದು ಅಚ್ಚಾದಾಗ ಅಳತೆಯ ದೋಷಮಿತಿಯೊಳಗೇ ಇತ್ತು. ಇಂದಿನ ಅಳತೆ 1836.15267, ಸೂತ್ರ ಬಿದ್ದುಹೋಯಿತು. ಬೀಳಲೇಬೇಕಿತ್ತು ಎನ್ನುತ್ತೇನೆ. ಪ್ರೋಟಾನಿನ ದ್ರವ್ಯರಾಶಿಯ ಬಹುಪಾಲು ಅದರೊಳಗಿನ ಕ್ವಾರ್ಕ್ ಎಂಬ ಕಣಗಳನ್ನು ಬಿಗಿದಿಟ್ಟ ಬಲದ ಶಕ್ತಿಯಿಂದ ಬರುತ್ತದೆ. ಆ ಬಲದ ಮಾತೇ ಎತ್ತದ ಸೂತ್ರ ಅದನ್ನು ಹೇಗೆ ಹೇಳೀತು?

ಈಗ ಜಪಾನಿನ ಯೋಶಿಯೋ ಕೊಯಿಡೆ 1980ರ ದಶಕದ ಆರಂಭದಲ್ಲಿ ಕೊಟ್ಟ ಸೂತ್ರ. ಎಲೆಕ್ಟ್ರಾನ್ ಮತ್ತು ಅದರದೇ ಜಾತಿಯ ಎರಡು ಭಾರದ ಕಣಗಳಾದ ಮ್ಯೂಆನ್, ಟಾವ್‌ಗಳ ದ್ರವ್ಯರಾಶಿ ತೆಗೆದುಕೊಳ್ಳಿ: ಎಲೆಕ್ಟ್ರಾನ್ 0.511, ಮ್ಯೂಆನ್ 105.658, ಟಾವ್ 1776.9 (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ). ಮೂರರ ಮೊತ್ತವನ್ನು, ಅವುಗಳ ವರ್ಗಮೂಲಗಳ ಮೊತ್ತದ ವರ್ಗದಿಂದ ಭಾಗಿಸಿ. 0.66666 ಬರುತ್ತದೆ, ಅಂದರೆ ಮೂರರಲ್ಲಿ ಎರಡು ಭಾಗ. ಆಗ ಟಾವ್‌ನ ಅಳತೆ 1784ರ ಆಸುಪಾಸಿನಲ್ಲಿತ್ತು, ಸೂತ್ರ ಕೇಳಿದ್ದು 1777. ಬೀಜಿಂಗ್‌ನ ಪ್ರಯೋಗ 1992ರಲ್ಲಿ ಅಳತೆಯನ್ನು 1777ಕ್ಕೆ ಇಳಿಸಿತು. ಕಾರಣ ಇಂದಿಗೂ ಸಿಕ್ಕಿಲ್ಲವಾದರೂ ಈ ಸೂತ್ರದ ಮೇಲೆ ನನಗೆ ಗೌರವವಿದೆ: ಅಳತೆ ನಿಖರವಾದಷ್ಟೂ ಅದು ಗಟ್ಟಿಯಾಯಿತು. ಹೊಸ ಸಿದ್ಧಾಂತವನ್ನೂ ಇದೇ ತಕ್ಕಡಿಯಲ್ಲಿ ತೂಗಿ. ಅಳತೆಗೆ ಮುಂಚೆ ಅದು ಏನನ್ನಾದರೂ ಹೇಳಿದೆಯೇ?

ಆಮೇಲೆ ಲೇಖಕರು ಕೈಯಿಂದ ಹಾಕಿದ ಸಂಖ್ಯೆಗಳನ್ನು ಎಣಿಸಿ. ಮೂರು ದ್ರವ್ಯರಾಶಿ ಹೇಳಲು ಮೂರು ಸಂಖ್ಯೆ ಹಾಕಿದ್ದರೆ ಓದುವುದನ್ನು ಅಲ್ಲಿಗೇ ನಿಲ್ಲಿಸಬಹುದು.

ಗುರುತ್ವದ ಕಡೆಗೆ ಬಂದರೆ ಪ್ಲಾಂಕ್ ದ್ರವ್ಯರಾಶಿ (ಗುರುತ್ವ ಸ್ಥಿರಾಂಕ, ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ ಮೂರನ್ನೇ ಸೇರಿಸಿದರೆ ಸಿಗುವ ದ್ರವ್ಯರಾಶಿ) ಸುಮಾರು 2.18 × 10⁻⁸ ಕಿಲೋಗ್ರಾಂ, ಎಲೆಕ್ಟ್ರಾನು 9.11 × 10⁻³¹. ನಡುವಿನ 10²² ಪಟ್ಟಿನ ಕಂದರವನ್ನು ಜ್ಯಾಮಿತಿ ಎಲ್ಲಿ ದಾಟುತ್ತದೆ ಎಂದು ಬೆರಳಿಟ್ಟು ಹುಡುಕಿ. ಗುರುತ್ವವನ್ನೂ ವಿದ್ಯುತ್ಕಾಂತತೆಯನ್ನೂ ಒಂದಾಗಿಸಲು ಭೌತವಿಜ್ಞಾನಿಗಳಾದ ಕಲೂಜಾ ಮತ್ತು ಕ್ಲೈನ್‌ ತಂದ ಐದನೇ ಆಯಾಮದ ಸುಂದರ ಯೋಚನೆ ಇಲ್ಲಿಯೇ ಎಡವಿತು. ಅದರ ವಿದ್ಯುದಾವಿಷ್ಟ ಕಣಗಳು ಪ್ಲಾಂಕ್ ದ್ರವ್ಯರಾಶಿಯಷ್ಟು ಭಾರವಾದವು. ಗುರುತ್ವ ಸ್ಥಿರಾಂಕ ಗೊತ್ತಿರುವುದು 6.6743 × 10⁻¹¹ ಎಂಬಷ್ಟರ ಮಟ್ಟಿಗೆ, ಅಂದರೆ ಸುಮಾರು ಐದಂಕಿ ಮಾತ್ರ. ಅದರಿಂದ ಹತ್ತಂಕಿಯ ದ್ರವ್ಯರಾಶಿ ತೆಗೆದೆವು ಎಂದರೆ ನಂಬಬೇಡಿ.

ಸೂತ್ರದಲ್ಲಿ ವಿಶ್ವದ ಇಂದಿನ ವಯಸ್ಸು ಇದೆಯೇ ಎಂದೂ ನೋಡಿ. ಇದ್ದರೆ ವಯಸ್ಸಿನೊಂದಿಗೆ ದ್ರವ್ಯರಾಶಿಯೋ ಗುರುತ್ವವೋ ಬದಲಾಗಲೇಬೇಕು. ಭೌತವಿಜ್ಞಾನಿ ಡಿರಾಕ್ 1937ರಲ್ಲಿ, ವಿಶ್ವದ ವಯಸ್ಸು ಏರಿದಂತೆ ಗುರುತ್ವ ಕ್ಷೀಣಿಸುತ್ತದೆ ಎಂದರು. ಚಂದ್ರನ ಮೇಲಿಟ್ಟ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ನಡೆಸಿದ ಅಳತೆಗಳಲ್ಲಿ ಅಷ್ಟು ಇಳಿಕೆ ಕಂಡಿಲ್ಲ.