ಆಕ್ಯುಪೆನ್ಸಿ ಮ್ಯಾಪಿಗೆ ಮಾತ್ರ ಕೈ ಹಾಕಬೇಡಿ

ಪಾಠ ಮಾಡುವವರ ಪೂರ್ಣಾಕೃತಿಯನ್ನು ಪಾಯಿಂಟ್ ಕ್ಲೌಡ್ ಆಗಿ, ಅಂದರೆ ಬಣ್ಣದ ಬಿಂದುಗಳ ಮೂರು ಆಯಾಮದ ರಾಶಿಯಾಗಿ ಸೆರೆಹಿಡಿದರೆ ಒಂದು ಫ್ರೇಮಿಗೆ ಸುಮಾರು 8 ಲಕ್ಷ ಬಿಂದುಗಳು. ಒಂದೊಂದು ಬಿಂದುವಿನ ಸ್ಥಾನಕ್ಕೆ 30 ಬಿಟ್ (ಉದ್ದ, ಅಗಲ, ಎತ್ತರಕ್ಕೆ ತಲಾ 10), ಬಣ್ಣಕ್ಕೆ 24. ಸೆಕೆಂಡಿಗೆ 30 ಫ್ರೇಮ್ ಅಂದರೆ ಹೆಚ್ಚುಕಡಿಮೆ 1.3 ಗಿಗಾಬಿಟ್. ಕುಗ್ಗಿಸದೆ ಕಳಿಸುವ ಮಾತೇ ಇಲ್ಲ.

ಕುಗ್ಗಿಸುವ ಸಾಧನಗಳಲ್ಲಿ ಗೂಗಲ್‌ನ ಡ್ರಾಕೋ ಬ್ರೌಸರಿನಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಆದರೆ ಪ್ರತಿ ಫ್ರೇಮನ್ನೂ ಹೊಸದೆಂಬಂತೆ ಕಟ್ಟುತ್ತದೆ. ಅಲುಗಾಡದ ಭುಜವೂ ಮತ್ತೆ ಮತ್ತೆ ಹೋಗುತ್ತಿರುತ್ತದೆ. ರೆಕಾರ್ಡ್ ಮಾಡಿದ ಪಾಠಗಳಿಗೆ ನಾನು ಬಳಸುವುದು ವಿ-ಪಿಸಿಸಿ, ಅಂದರೆ ಪಾಯಿಂಟ್ ಕ್ಲೌಡನ್ನು ವಿಡಿಯೊ ಆಗಿಸಿ ಕುಗ್ಗಿಸುವ ಮಾನದಂಡ. ಅದು ಮೈಯ ಮೇಲ್ಮೈಯನ್ನು ತುಂಡು ತುಂಡು ಪ್ಯಾಚ್‌ಗಳಾಗಿ ಸಮತಲಕ್ಕಿಳಿಸಿ ಆಕ್ಯುಪೆನ್ಸಿ (ಎಲ್ಲಿ ಬಿಂದು ಇದೆ ಎಂಬ ನಕ್ಷೆ), ಜ್ಯಾಮಿತಿ (ಬಿಂದುವಿನ ಆಳ), ಬಣ್ಣ ಎಂದು ಮೂರು ವಿಡಿಯೊ ಮಾಡುತ್ತದೆ. ಮೂರಕ್ಕೂ ಮಾಮೂಲಿ ವಿಡಿಯೊ ಕೋಡೆಕ್ ಎಚ್‌ಇವಿಸಿ ಸಾಕು, ಮೊಬೈಲಿನ ಹಾರ್ಡ್‌ವೇರ್ ಡಿಕೋಡರೇ ಬಿಚ್ಚುತ್ತದೆ.

ಜ್ಯಾಮಿತಿಗೆ ಕ್ಯುಪಿ (ಹೆಚ್ಚಿದಷ್ಟೂ ಗುಣಮಟ್ಟ ಇಳಿಯುವ ಕುಗ್ಗಿಸುವಿಕೆಯ ಅಂಕ) 24, ಬಣ್ಣಕ್ಕೆ 32, ಆಕ್ಯುಪೆನ್ಸಿ ಪ್ರಿಸಿಷನ್ (ನಕ್ಷೆಯ ಒಂದು ಚೌಕದ ಅಳತೆ, ಪಿಕ್ಸೆಲ್‌ಗಳಲ್ಲಿ) 4 ಇಟ್ಟು ಶುರು ಮಾಡಿ. ಆಕ್ಯುಪೆನ್ಸಿ ವಿಡಿಯೊ ಲಾಸ್‌ಲೆಸ್ ಆಗಿಯೇ, ಅಂದರೆ ಏನೂ ಕಳೆದುಹೋಗದಂತೆ ಕುಗ್ಗಿಸಿಯೇ ಇರಲಿ. ಯಾವ ಪಿಕ್ಸೆಲ್ಲಿನಲ್ಲಿ ಬಿಂದು ಇದೆ, ಯಾವುದರಲ್ಲಿ ಇಲ್ಲ ಎನ್ನುವುದಷ್ಟೇ ಅದರ ಕೆಲಸ. ಅಲ್ಲಿ ತಪ್ಪಾದರೆ ಬೆರಳ ಸುತ್ತ ಬಿಂದುಗಳು ನೊಣಗಳ ಹಾಗೆ ಹಾರಾಡುತ್ತವೆ, ಇಲ್ಲವೇ ಕೆನ್ನೆಯಲ್ಲಿ ತೂತು ಬೀಳುತ್ತದೆ. ಅದು ತಿನ್ನುವ ಬಿಟ್‌ಗಳೂ ಕಡಿಮೆಯೇ, ಅಲ್ಲಿ ಜಿಪುಣತನ ಬೇಡ. ಬಣ್ಣದ ವಿಡಿಯೊದಲ್ಲಿ ಪ್ಯಾಚ್‌ಗಳ ನಡುವಿನ ಖಾಲಿ ಜಾಗಕ್ಕೆ ಅಂಚಿನ ಬಣ್ಣವನ್ನೇ ಹರಡಿ. ಕಪ್ಪು ಬಿಟ್ಟರೆ ಬ್ಲಾಕ್ ಕಂಪ್ರೆಷನ್ನು, ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣದ ಮಾಹಿತಿ ಇಡುವ 4:2:0 ಎರಡೂ ಸೇರಿ ಆ ಕಪ್ಪನ್ನು ಒಳಗೆಳೆದು ಮೈಮೇಲೆ ಹೊಲಿಗೆಯಂಥ ಗೆರೆ ಮೂಡಿಸುತ್ತವೆ.

ಸ್ಟ್ರೀಮಿಂಗ್‌ನಲ್ಲಿ ಜ್ಯಾಮಿತಿ ಒಂದೇ ಗುಣಮಟ್ಟದಲ್ಲಿರಲಿ, ಬಣ್ಣಕ್ಕೆ ಮಾತ್ರ ಕ್ಯುಪಿ 27, 32, 37 ಎಂದು ಮೂರು ಮೆಟ್ಟಿಲು ಮಾಡಿ. ಪ್ಯಾಚ್ ವಿಂಗಡಣೆ ಒಮ್ಮೆ ಮಾತ್ರ. ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ ವಿಂಗಡಿಸಿದರೆ, ಗುಣಮಟ್ಟ ಬದಲಾದ ಕ್ಷಣ ಮುಖದ ಬಣ್ಣ ಮೊಣಕೈಗೆ ಹೋಗಿ ಕೂರುತ್ತದೆ. ಜಿಒಪಿ (ಒಟ್ಟಿಗೆ ಕುಗ್ಗಿಸುವ ಫ್ರೇಮುಗಳ ಗುಂಪು) 32ರ ಬದಲು 30 ಇಟ್ಟರೆ ಸೆಗ್ಮೆಂಟು ಸರಿಯಾಗಿ ಒಂದು ಸೆಕೆಂಡಿಗೆ ತುಂಡಾಗುತ್ತದೆ.

ಮೂರೂ ಡಿಕೋಡರುಗಳ ಔಟ್‌ಪುಟ್ಟನ್ನು ಬಂದ ಸರದಿಯಲ್ಲಲ್ಲ, ಟೈಮ್‌ಸ್ಟ್ಯಾಂಪ್ ನೋಡಿಯೇ ಜೋಡಿಸಿ. ಒಂದೇ ಒಂದು ಫ್ರೇಮ್ ಜಾರಿದರೂ ಬೀಸುವ ಕೈಯಿಂದ ಬಣ್ಣ ಕಳಚಿದಂತೆ ಕಾಣುತ್ತದೆ. ಕೆಲವು ಮೊಬೈಲುಗಳಲ್ಲಿ ಮೂರು ಡಿಕೋಡರ್ ಒಟ್ಟಿಗೆ ತೆರೆಯುವುದೇ ಇಲ್ಲ. ಅಂಥವಕ್ಕೆ ಮೂರನ್ನೂ ಒಂದೇ ಫ್ರೇಮಿನಲ್ಲಿ ಜೋಡಿಸಿ ಕಳಿಸಬೇಕು.

ಬೋರ್ಡಿನ ಬರಹವನ್ನು ಪಾಯಿಂಟ್ ಕ್ಲೌಡಿಗೆ ಸೇರಿಸಲೇಬೇಡಿ. 1.8 ಮೀಟರ್ ಎತ್ತರವನ್ನು 10 ಬಿಟ್ಟಿನಲ್ಲಿ ಹಂಚಿದರೆ ಒಂದು ವಾಕ್ಸೆಲ್, ಅಂದರೆ ಬಿಂದು ಕೂರುವ ಪುಟ್ಟ ಘನ, ಸುಮಾರು 1.8 ಮಿಲಿಮೀಟರ್. ಸಣ್ಣ ಅಕ್ಷರ, ಘಾತಾಂಕ, ದಶಮಾಂಶ ಬಿಂದು ಎಲ್ಲ ಕಲಸಿಹೋಗುತ್ತವೆ. ಬೋರ್ಡನ್ನು ಮಾಮೂಲಿ ವಿಡಿಯೊ ಆಗಿ ಕಳಿಸಿ, ದೃಶ್ಯದಲ್ಲಿ ಒಂದು ಹಲಗೆಯಾಗಿ ನಿಲ್ಲಿಸಿ, ಅದೇ ಗಡಿಯಾರಕ್ಕೆ ಕಟ್ಟಿ.